ನಾನು ಮಾಡಿಸಿದ ಬಾಯಿಪಾಠ

ತಾಟಿನಲ್ಲಿ ರೊಟ್ಟಿ ಇತ್ತು. ಮಲ್ಲು ಅದನ್ನೇ ನೋಡುತ್ತಾ, "ಅಕ್ಕಾ, ನನಗ ರೊಟ್ಟಿ ಹಾಕಲಿಲ್ಲ?" ಎಂದ.

ಚೇಷ್ಟೆ ಅಂದುಕೊಂಡು ಬೈದೆ. ಅವನು ನಗಲಿಲ್ಲ.

ಮಲ್ಲು ನನ್ನ ತಮ್ಮ. ನಮ್ಮೂರು ತಾಂಬಾದ ಮಣ್ಣಿನಲ್ಲಿ ಕಬಡ್ಡಿ ಆಡುತ್ತ ಬೆಳೆದವನು, ಹೋದ ವರ್ಷ ಟಿವಿಯಲ್ಲಿ ಬರುವ ವೃತ್ತಿಪರ ತಂಡವೊಂದಕ್ಕೆ ಆಯ್ಕೆಯಾದ. ಎರಡನೆಯ ಸೀಸನ್ನಿನ ನಡುವೆ ಎದುರಾಳಿಯ ಮೊಣಕಾಲು ತಲೆಗೆ ಬಡಿದು ಮನೆಗೆ ಬಂದಿದ್ದ. ಮತ್ತೆ ಆಡಬೇಕಾದರೆ ಡಾಕ್ಟರರ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು. ತಾಲ್ಲೂಕು ಊರಾದ ಇಂಡಿಯಲ್ಲಿ ಮಾಡಿಸಿದ ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂದಿತ್ತು. ಆದರೂ ಮಟಮಟ ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡು ಮಲಗುತ್ತಿದ್ದ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಇದು ಮೊದಲ ಪೆಟ್ಟಲ್ಲ. ಮನೆಯಲ್ಲಿ ಅದು ನನಗೊಬ್ಬಳಿಗೇ ಗೊತ್ತಿತ್ತು.

ಅದಕ್ಕೂ ತಿಂಗಳ ಹಿಂದೆ ಪ್ರಾಕ್ಟೀಸಿನಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ಫೋನ್ ಮಾಡಿದ್ದ. ತಲೆಗೆ ಪೆಟ್ಟಾದವರಿಗೆ ತಂಡದಲ್ಲಿ ಒಂದು ಪರೀಕ್ಷೆ ಇತ್ತು. ಐದು ಪದ ಕೇಳಿ ತಿರುಗಿ ಹೇಳಬೇಕು, ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಬೇಕು. ಪದಗಳು ಪ್ರತಿಸಲವೂ ಅವೇ. ಸೀಸನ್ನಿನ ಆರಂಭದಲ್ಲೇ ಬರೆದಿಟ್ಟುಕೊಂಡಿದ್ದ, ಆದರೆ ಪೆಟ್ಟಾದ ಮೇಲೆ ಎಷ್ಟು ಓದಿದರೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ.

"ತಪ್ಪಿದ್ರ ಹೊರಗ ಕುಂದ್ರಸ್ತಾರಕ್ಕಾ. ಒಮ್ಮಿ ಕುಂತ್ರ ಮುಗೀತು," ಎಂದು ಅತ್ತ.

ನಾನು ಪ್ರಾಥಮಿಕ ಶಾಲೆಯ ಅಕ್ಕೋರು. ಮಗ್ಗಿ ಬರದ ಮಕ್ಕಳಿಗೆ ಬಾಯಿಪಾಠ ಮಾಡಿಸುವುದರಲ್ಲಿ ಹೆಸರು ಮಾಡಿದವಳು. ಎರಡು ದಿನ ಫೋನಿನಲ್ಲೇ ಗಿಳಿಗೆ ಕಲಿಸಿದ ಹಾಗೆ ಕಲಿಸಿದೆ. ಪಾಸಾದ. ಆಡಿದ. ಎರಡನೆಯ ಪೆಟ್ಟು ತಿಂದ.

ನನ್ನ ಬುದ್ಧಿಗೆ ಮಂಕು ಕವಿದಿತ್ತು, ಮತ್ತೇನು ಹೇಳಲಿ.

ಸರ್ಟಿಫಿಕೇಟಿಗೆಂದು ಹೋದಾಗ ವಿಜಯಪುರದ ನ್ಯೂರಾಲಜಿಸ್ಟ್, ತಂಡದವರು ಕಳಿಸಿದ ಹಾಳೆಯನ್ನೇ ಮುಂದಿಟ್ಟುಕೊಂಡರು. ಅವೇ ಪದಗಳು. ಮಲ್ಲು ಒಂದೇ ಉಸಿರಿಗೆ ಒಪ್ಪಿಸಿದ. ಡಿಸೆಂಬರಿನಿಂದ ಜನವರಿಯವರೆಗೆ ಎಲ್ಲೂ ತಡವರಿಸಲಿಲ್ಲ.

"ಮೆಮರಿ ಚಲೋ ಐತಲ್ಲರಿ," ಎಂದು ಡಾಕ್ಟರು ಪೆನ್ನು ತೆಗೆದರು.

ಮಲ್ಲು ನನ್ನನ್ನೇ ನೋಡುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನ ಆಟ ಉಳಿಯುತ್ತಿತ್ತು. ಮೂರನೆಯ ಪೆಟ್ಟಿಗೆ ಅವನು ಉಳಿಯುತ್ತಿದ್ದನೋ ಇಲ್ಲವೋ.

"ಸರ್, ಬರೀಬ್ಯಾಡ್ರಿ. ಆ ಪದಾ ನಾನ ಬಾಯಿಪಾಠ ಮಾಡಿಸೇನ್ರಿ. ಬ್ಯಾರೆ ಕೇಳ್ರಿ."

ಬೇರೆ ಐದು ಪದ ಹೇಳಿ ಕೇಳಿದರು. ಮಲ್ಲು ಒಂದನ್ನು ಹೇಳಿ ನಿಂತುಬಿಟ್ಟ.

"ಮಿದುಳಿಗೆ ಬಿದ್ದ ಪೆಟ್ಟು, ಕನ್‌ಕಷನ್, ಇನ್ನೂ ಹೋಗಿಲ್ರಿ. ಮತ್ತೊಂದು ಏಟು ಬಿದ್ರ ಜೀವಕ್ಕ ಅಪಾಯ. ಕಬಡ್ಡಿ ಬಿಡಬೇಕ್ರಿ."

ಅಲ್ಲಿಗೆ ಮುಗಿಯಿತು, ಒಂದೂವರೆ ಸೀಸನ್ನಿನ ಆಟ.

ಮೂರು ವಾರ ನನ್ನೊಂದಿಗೆ ಮಾತು ಬಿಟ್ಟ. ಈಗ ತಲೆನೋವು ಕಡಿಮೆ, ಬೆಳಕನ್ನು ಸಹಿಸುತ್ತಾನೆ. ಹೆಸರುಗಳು ಮಾತ್ರ ಒಮ್ಮೊಮ್ಮೆ ಮರೆತುಹೋಗುತ್ತವೆ. ಪೂರ್ತಿ ವಾಸಿಯಾಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ನಡೆದಾಡುತ್ತಿದ್ದಾನೆ, ಅಷ್ಟಕ್ಕೇ ಕೈಮುಗಿಯುತ್ತೇನೆ.

ನಿನ್ನೆ ಸಂಜೆ ಬಾಗಿಲಲ್ಲಿ ನಿಂತು, "ಅಕ್ಕಾ, ಅವತ್ತ ನೀ ಸುಮ್ಮನಿದ್ದಿದ್ರ ನಾ ಈಗ ಆಡ್ತಿದ್ದೆ," ಎಂದ.

ಬೈದನೋ, ಉಪಕಾರ ನೆನೆದನೋ, ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

"ಹೌದಪ್ಪಾ, ಆಡ್ತಿದ್ದಿ," ಎಂದೆ.

ಅವನು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತ.