ಟವೆಲಿನ ಕೆಳಗಿನ ಒಪ್ಪಂದ

ಎರಡು ಸಾವಿರದ ಇಸವಿಯ ನಂತರದ ಏಳೆಂಟು ವರ್ಷ ನಾನು ಕಾರವಾರದ ಕೋಡಿಬಾಗದಲ್ಲಿ ಶಾಲಾ ಮಾಸ್ತರನಾಗಿದ್ದೆ. ರಜೆಯಲ್ಲಿ ಅಂಕೋಲೆ ಕಡೆಯ ಒಬ್ಬ ಪೈಲ್ವಾನನ ಮ್ಯಾನೇಜರ್. ಆತ ಗದ್ದೆ ಕೆಲಸದವನು. ಅವನಿಗೆ ತಕ್ಕ ಎದುರಾಳಿಯನ್ನು ಗೊತ್ತುಮಾಡುವುದು, ಕುಸ್ತಿ ಸಮಿತಿಗಳೊಂದಿಗೆ ವ್ಯವಹರಿಸುವುದು ನನ್ನ ಹೊಣೆ. ಸಮಿತಿಗಳ ತಪ್ಪುಗಳನ್ನು ಬಿಡದೆ ಬರೆದು ತಿಳಿಸುತ್ತಿದ್ದೆ: ಕಣದ ಬಳಿ ವೈದ್ಯರಿಲ್ಲ, ಹೆಂಗಸರಿಗೆ ಕೂರಲು ಜಾಗವಿಲ್ಲ, ಊಟದ ಪಂಕ್ತಿಯನ್ನು ಜಾತಿ ನೋಡಿ ಹಾಕುತ್ತಾರೆ. ಒಂದನ್ನು ಮಾತ್ರ ಬರೆಯಲಿಲ್ಲ, ಏಕೆಂದರೆ ಅದನ್ನು ಮಾಡುತ್ತಿದ್ದವನು ನಾನು.

ಜೋಡಿ ಕಣಕ್ಕಿಳಿಯುವ ಮೊದಲು ಇಬ್ಬರು ಮ್ಯಾನೇಜರುಗಳು, ದನದ ವ್ಯಾಪಾರಿಗಳ ಹಾಗೆ, ಟವೆಲಿನ ಕೆಳಗೆ ಕೈ ಹಿಡಿಯುತ್ತಿದ್ದೆವು. ಎರಡು ಬೆರಳು ಒತ್ತಿದರೆ ಇಪ್ಪತ್ತು ನಿಮಿಷದ ಸೆಣಸಾಟ, ಆಮೇಲೆ ಸಮಸಮ. ಯಾರ ಬೆನ್ನೂ ಮಣ್ಣಿಗೆ ತಾಗುವುದಿಲ್ಲ, ಮುಂದಿನ ಹಂಗಾಮಿಗೆ ಇಬ್ಬರಿಗೂ ಕರೆ ಬರುತ್ತದೆ. ಇದು ನೋಡುವವರಿಗೆ ಮಾಡುವ ಮೋಸ. ಪೈಲ್ವಾನರಿಗೆ ಅದಕ್ಕಿಂತ ದೊಡ್ಡ ಮೋಸ: ನಾವು ಹೇಳಿದಂತೆ ಆಡಬೇಕಾದ ಅವರಿಗೆ ತಮ್ಮಲ್ಲಿ ಯಾರು ಗಟ್ಟಿ ಎಂಬುದೇ ತಿಳಿಯುತ್ತಿರಲಿಲ್ಲ. ಬೆಳಗಾವಿ ಕಡೆಯ ಒಬ್ಬನೊಂದಿಗೆ ನನ್ನ ಪೈಲ್ವಾನ ಮೂರು ವರ್ಷ ಹೀಗೆ ಸಮಸಮನಾಗಿದ್ದ.

ನಾಲ್ಕನೆಯ ವರ್ಷ, ಅಂಕೋಲೆಯ ಕಣದ ಪಕ್ಕದಲ್ಲಿ, ಲಂಗೋಟಿ ಬಿಗಿಯುತ್ತ ಆತ ಹೇಳಿದ: “ಮಾಸ್ತರೆ, ಈ ಸಲ ಕೈ ಹಿಡೂಕೆ ಹೋಗಬೇಡಿ. ಮುಂದಿನ ವರ್ಷಕ್ಕೆ ಈ ಮೊಣಕಾಲು ಬರೂದಿಲ್ಲ. ಅವನ್ನ ಕೆಡವೂಕೆ ನನ್ನಿಂದ ಆಗ್ತದಾ ಇಲ್ವಾ, ಗೊತ್ತಾಗಬೇಕು.”

“ಆಗಲೇ ಹಿಡಿದು ಬಂದೆನಲ್ಲ.”

“ಬಿಡಿಸಿಕೊಂಡು ಬನ್ನಿ. ಊರಿಗೆಲ್ಲ ನ್ಯಾಯ ಹೇಳೂದು ನೀವೇ ಅಲ್ದಾ?”

ಎದುರಾಳಿಯ ಮ್ಯಾನೇಜರ್ ಎಲೆಯಡಿಕೆಯ ಕವಳ ಜಗಿಯುತ್ತಿದ್ದ. ಸಮಸಮ ಬೇಡ, ಒಬ್ಬ ಬೀಳುವವರೆಗೂ ನಡೆಯಲಿ ಎಂದೆ. “ನಿಮ್ಮ ಮುದುಕ ಬಿದ್ದರೆ ಏನು ಮಾಡ್ತೀರಿ, ಮಾಸ್ತರ್? ಮಣ್ಣಿನ ಮೇಲೂ ಒಂದು ಅರ್ಜಿ ಬರೀತೀರೇನು?” ಎಂದು ನಕ್ಕ. ನಾನು ನೇರವಾಗಿ ಕುಸ್ತಿಯ ತೀರ್ಪು ಕೊಡುವ ಪಂಚರ ಬಳಿಗೆ ಹೋಗಿ ಅದನ್ನೇ ಹೇಳಿದೆ. ಈ ಜೋಡಿಗೆ ಸಮಸಮವಿಲ್ಲ, ಒಬ್ಬ ಬೀಳುವವರೆಗೂ ಕುಸ್ತಿ ಎಂದು ಅವರು ಮೈಕಿನಲ್ಲಿ ಸಾರಿದರು. ಕೈ ಹಿಡಿದು ಮಾಡಿದ ಒಪ್ಪಂದ ಮುರಿದವನು ನಾನು; ಅಲ್ಲಿಗೆ ಆ ವೃತ್ತಿಯಲ್ಲಿ ನನ್ನ ಮಾತಿಗಿದ್ದ ಬೆಲೆ ಮುಗಿಯಿತು.

ಆರನೆಯ ನಿಮಿಷದಲ್ಲಿ ನನ್ನ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿತು. ಎದ್ದವನು ಎದುರಾಳಿಯನ್ನು ವಾಪಸು ಕರೆದು, ಯಾವ ಕಾಲು ಎಲ್ಲಿ ಸಿಕ್ಕಿಸಿದೆ ಎಂದು ಕೇಳಿದ. ಅವನು ನಿಧಾನವಾಗಿ ಎರಡು ಸಲ ತೋರಿಸಿಕೊಟ್ಟ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಪೈಲ್ವಾನ ಹೇಳಿದ: “ಅವ ಗಟ್ಟಿ ಇದ್ದಾನೆ, ಒಪ್ಪಿದೆ. ಆದರೆ ಮೂರು ವರ್ಷದ ಹಿಂದೆ? ಆಗ ನನ್ನ ಕಾಲು ಸರಿ ಇತ್ತು.”

ಅದಕ್ಕೆ ಉತ್ತರ ಕೊಡಬಲ್ಲವರು ಈಗ ಯಾರೂ ಇಲ್ಲ. ಉತ್ತರ ಸಿಗಬಹುದಾಗಿದ್ದ ಮೂರು ಅವಕಾಶಗಳನ್ನೂ ಎರಡು ಬೆರಳಿನಿಂದ ತಪ್ಪಿಸಿದವನು ನಾನು. ಹಾಗೆಂದು ಅವನಿಗೆ ಹೇಳಿದೆ. ಆತ ಮೊಣಕಾಲು ತಿಕ್ಕಿಕೊಳ್ಳುತ್ತ, “ಗೊತ್ತಿದೆ ಮಾಸ್ತರೆ,” ಎಂದ.