ಉಳಿಸಬೇಡ

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳಲ್ಲಿ ಎಲ್ಲಿಯಾದರೂ ಹಳೆಯ ಕಂಪ್ಯೂಟರೊಂದು ಮುನಿಸಿಕೊಂಡು ಕೂತರೆ ಅಣ್ಣಾರಾಯನಿಗೆ ಫೋನ್ ಬರುತ್ತಿತ್ತು. ಆಳಂದದಲ್ಲಿ ಹದಿನಾರು ವರ್ಷ ಟೈಪಿಂಗ್ ಕ್ಲಾಸು ನಡೆಸಿದ ಮನುಷ್ಯ. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಕೈಕಟ್ಟಿ ಕೂಡದೆ ಕಂಪ್ಯೂಟರಿನ ರೋಗ ರುಜಿನ ಕಲಿತ. ವಯಸ್ಸು ನಲವತ್ತೈದಾದರೂ ಬೆರಳುಗಳಿಗೆ ಮಾತ್ರ ವಯಸ್ಸಾಗಿರಲಿಲ್ಲ. ಬಸ್ಸಿನಲ್ಲಿ ಕೂತಾಗಲೂ ಅವು ತೊಡೆಯ ಮೇಲೆ ಏನಾದರೂ ಟೈಪ್ ಮಾಡುತ್ತಲೇ ಇರುತ್ತಿದ್ದವು.

ಪಂಚಾಯಿತಿ ಗ್ರಂಥಾಲಯಗಳಿಗೆ ಡೆಸ್ಕ್‌ಟಾಪುಗಳು ಬಂದ ಮೇಲೆ ಅವನಿಗೆ ತಿರುಗಾಟ ಹೆಚ್ಚಾಯಿತು. ಯಂತ್ರದ ಜೊತೆ ಬಂದ ಬರೆಯುವ ತಂತ್ರಾಂಶ ಕೆಲವು ತಿಂಗಳು ನಡೆದು, ಅವಧಿ ಮುಗಿಯಿತೆಂದು ಕೆಂಪು ಪಟ್ಟಿ ತೋರಿಸಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಣ್ಣಾರಾಯ ಅದನ್ನು ಕಿತ್ತೆಸೆದು, ಯಾರೋ ಪುಣ್ಯಾತ್ಮರು ಬರೆದು ಜಗತ್ತಿಗೆ ಬಿಟ್ಟಿಯಾಗಿ ಕೊಟ್ಟ ಇನ್ನೊಂದನ್ನು ಹಾಕುತ್ತಿದ್ದ. ಅದರ ಮೂಲವನ್ನೇ, ಸೋರ್ಸ್ ಕೋಡನ್ನೇ, ಇಳಿಸಿಕೊಂಡು ನಮ್ಮ ಯಂತ್ರಕ್ಕೆ ತಕ್ಕಂತೆ ನಾವೇ ಕಟ್ಟಿಕೊಳ್ಳಬಹುದಿತ್ತು. ಆದರೆ ಅದು ಜೋಳ ಬೀಸಿ, ಹಿಟ್ಟು ನಾದಿ, ರೊಟ್ಟಿ ಬಡಿದು ಉಂಡ ಹಾಗೆ. ಅಣ್ಣಾರಾಯನದು ಬಡಿದಿಟ್ಟ ರೊಟ್ಟಿ. ಹಳೆಯ ಯಂತ್ರಕ್ಕೊಂದು, ಹೊಸ ಯಂತ್ರಕ್ಕೊಂದು, ಆಗಲೇ ಸಿದ್ಧವಾದ ಎರಡು ಕಡತಗಳು ಅವನ ಪೆನ್‌ಡ್ರೈವಿನಲ್ಲಿದ್ದವು. ಚುಚ್ಚಿ ನಾಲ್ಕು ಸಲ ಒತ್ತಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು.

ಜನ ಮಾತ್ರ ಅಷ್ಟು ಸುಲಭಕ್ಕೆ ನಂಬುತ್ತಿರಲಿಲ್ಲ. ಹವಳಗಾದ ಗ್ರಂಥಾಲಯದ ಖಂಡಪ್ಪನಂತೂ ಕುರ್ಚಿ ಬಿಟ್ಟು ಏಳಲೇ ಒಪ್ಪಲಿಲ್ಲ.

"ಫುಕಟ್ ಅಂದ್ರ ಏನರ ಲಫಡಾ ಇರ್ತದ್ರಿ ಮಾಸ್ತರ."

"ಏನೂ ಲಫಡಾ ಇಲ್ರಿ," ಎಂದಿದ್ದ ಅಣ್ಣಾರಾಯ. "ಓದಾಕ ಬಂದ್ರ ಸಾಕು."

ಹೀಗೇ ಕಳೆದ ವರ್ಷ ತೊಗರಿ ಹೂ ಬಿಟ್ಟ ದಿನಗಳಲ್ಲಿ ಇಜೇರಿಯಿಂದ ಕರೆ ಬಂತು. ಜೇವರ್ಗಿ ತಾಲೂಕಿನ ಇಜೇರಿ ಎಂದರೆ ಅವನು ಹುಟ್ಟಿದ ಊರು, ತಾಯಿಯ ತವರು. ಆದರೂ ನಲವತ್ತೈದು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ತಾಯಿ ಮಾಳಮ್ಮ ಅವನನ್ನು ಹೆತ್ತ ಮರುದಿನ ಬೆಳಿಗ್ಗೆ ತೀರಿಕೊಂಡಿದ್ದಳು. ತಂದೆ ಕೂಸನ್ನು ಆಳಂದಕ್ಕೆ ತಂದು ಅದರ ಸೋದರತ್ತೆಯರ ಕೈಗೆ ಹಾಕಿದ. ಮತ್ತೆ ಅವಳ ಮಾತೆತ್ತಲಿಲ್ಲ. ಒಂದು ಫೋಟೋ ಕೂಡ ಇರಲಿಲ್ಲ. ಅವಳು ತನ್ನ ಮುಖ ನೋಡಿದಳೋ, ಎತ್ತಿಕೊಂಡಳೋ, ಏನಾದರೂ ಅಂದಳೋ, ಅಣ್ಣಾರಾಯನಿಗೆ ಹೇಳುವವರೇ ಇರಲಿಲ್ಲ. ಇದೆಲ್ಲ ಹಳೆಯ ಮಾತು ಎಂದು ಹೆಂಡತಿಯ ಮುಂದೆ ನಗಾಡುತ್ತಿದ್ದ. ಆದರೆ ಜೇವರ್ಗಿಯ ಕಡೆ ಬಸ್ಸು ಹತ್ತಿದರೆ ಸಾಕು, ತೊಡೆಯ ಮೇಲಿನ ಬೆರಳುಗಳು ನಿಂತುಬಿಡುತ್ತಿದ್ದವು.

ಇಜೇರಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವಳು ಭಾಗಮ್ಮ. ಐವತ್ತರ ಹೆಂಗಸು, ಪುಸ್ತಕ ಓದುವುದರಲ್ಲಿ ಹುಲಿ, ಕಂಪ್ಯೂಟರ್ ಎಂದರೆ ಇಲಿ. ಇಂಗ್ಲಿಷಿನ ಗುಂಡಿಗಳಿಗೆ ಹೆದರಿ ಅದರ ಮೇಲಿನ ಪ್ಲಾಸ್ಟಿಕ್ಕನ್ನೇ ಬಹಳ ದಿನ ತೆಗೆದಿರಲಿಲ್ಲ. ಈಗ ತೆಗೆಯಲೇಬೇಕಾದ ಕೆಲಸ ಬಂದಿತ್ತು, ಮತ್ತು ಆ ಕೆಲಸ ಒಳಗಿನ ಚಾಪೆಯ ಮೇಲೆ ಗೋಡೆಗೆ ಆತು ಕೂತಿತ್ತು.

ಆಕೆ ಪ್ಯಾರಿಬಿ. ಊರಿನ ಸೂಲಗಿತ್ತಿ, ಎಂಬತ್ತರ ಹತ್ತಿರ. ಮುನ್ನೂರಕ್ಕೂ ಹೆಚ್ಚು ಕೂಸುಗಳನ್ನು ಕೈಯಲ್ಲಿ ಹಿಡಿದವಳು. ಯಾರ ಮನೆ, ಯಾವ ಹೊತ್ತು, ಕೂಸು ತಲೆ ಮುಂದೆ ಬಂತೋ ಕಾಲು ಮುಂದೆ ಬಂತೋ, ಆ ಹೊತ್ತಿನಲ್ಲಿ ತಾಯಿ ಏನಂದಳು, ಎಲ್ಲವೂ ಆಕೆಯ ತಲೆಯಲ್ಲಿತ್ತು. ಓದು ಬರಹ ಬರುತ್ತಿರಲಿಲ್ಲ. ಗಂಟಲಲ್ಲಿ ಗಡ್ಡೆ ಬೆಳೆದು ಕಲಬುರಗಿಯ ಡಾಕ್ಟರರು ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ದಿನ ಗೊತ್ತು ಮಾಡಿದ್ದರು. ಅದಕ್ಕೆ ಇನ್ನು ಇಪ್ಪತ್ತು ದಿನ ಉಳಿದಿತ್ತು. ಅಷ್ಟರಲ್ಲಿ ಎಲ್ಲವನ್ನೂ ಬರೆಸಿಬಿಡಬೇಕೆಂದು ಆಕೆ ಬಂದು ಕೂತಿದ್ದಳು. ಭಾಗಮ್ಮ ಮೊಬೈಲಿನಲ್ಲಿ ದನಿ ಹಿಡಿಯಲು ನೋಡಿದ್ದಳು. ಬರೀ ಸುಯ್ ಎನ್ನುವ ಸದ್ದು ಬಂತು. ಬಾಯಿಗೆ ಕಿವಿ ಹಚ್ಚಿದರಷ್ಟೇ ತಿಳಿಯುವ ಮಾತು ಅದು.

ಅಣ್ಣಾರಾಯ ತನ್ನ ಹೆಸರು, ಊರು ಹೇಳಿದೊಡನೆ ಮುದುಕಿ ಕತ್ತೆತ್ತಿದಳು. ಹತ್ತಿರ ಕರೆದು ಹಣೆಯ ಮೇಲೆ ಕೈಯಿಟ್ಟು ನೋಡಿದಳು.

"ಮಾಳಮ್ಮನ ಮಗ ಅಲ್ಲೇನು ನೀ? ಹಣಿ ಥೇಟ್ ಆಕೀದೇ ಅದ. ನಿನ್ನ ಹಿಡದಾಕಿ ನಾನೇ ಬೇಟಾ."

ಅಣ್ಣಾರಾಯ ಚಾಪೆಯ ಅಂಚಿಗೆ ಕೂತ. "ಅಮ್ಮಾ, ನಮ್ಮವ್ವ ಏನರ ಅಂದಿದ್ಳೇನ್ರಿ?"

"ಅಂದಾಳ. ಖರೇ ಅಂದ್ರ ಭಾಳ ಅಂದಾಳ." ಪ್ಯಾರಿಬಿ ಉಸಿರು ತೆಗೆದುಕೊಂಡಳು. "ಹೆರಿಗಿ ಖೋಲಿ ಮಾತು ಗಂಡಸರ ಮುಂದ ಆಡಂಗಿಲ್ಲ ಬೇಟಾ. ಭಾಗಮ್ಮನ ಕಡೆ ಬರಸ್ತೇನಿ. ನೀ ಓದಕೊ."

ಅವನು ಒತ್ತಾಯ ಮಾಡಲಿಲ್ಲ. ಒಂದು ಜನ್ಮವೇ ಕಾದಾಗಿದೆ, ಇಪ್ಪತ್ತು ದಿನ ಯಾವ ಲೆಕ್ಕ ಎಂದುಕೊಂಡ. ಕಂಪ್ಯೂಟರಿನ ಮುಂದೆ ಕೂತು ಪೆನ್‌ಡ್ರೈವ್ ಚುಚ್ಚಿದ. ಮೊದಲ ಕಿಟಕಿ ಯಾವ ಭಾಷೆ ಬೇಕೆಂದು ಕೇಳಿತು. ಬೇರೆ ಊರುಗಳಲ್ಲಿ ಜನ ಇಂಗ್ಲಿಷೇ ಇರಲಿ ಎನ್ನುತ್ತಿದ್ದರು, ಅವನೂ ಹಾಗೇ ಬಿಡುತ್ತಿದ್ದ. ಇಲ್ಲಿ ಮಾತ್ರ ಭಾಗಮ್ಮನ ಅಂಜಿಕೆ ನೋಡಿ, ಹುಟ್ಟಿದೂರಿನ ಅಭಿಮಾನವೂ ಸ್ವಲ್ಪ ಸೇರಿ, ಕನ್ನಡ ಎಂದು ಆರಿಸಿದ. ಪರದೆಯ ತುಂಬ ಕನ್ನಡ ಮೂಡಿತು. ತೆರೆ, ಮುಚ್ಚು, ಅಂಟಿಸು, ಹುಡುಕು.

"ಅಯ್ಯ, ಎಲ್ಲಾ ನಮ್ಮ ಮಾತೇ ಅದಲ್ರಿ ಸರ!" ಭಾಗಮ್ಮ ಕೂಸಿನ ಹಾಗೆ ನಕ್ಕಳು. "ಇನ್ನ ಯಾರ್ನೂ ಕೇಳಂಗಿಲ್ಲ ನಾ. ಓದಿ ಒತ್ತತೇನಿ."

ಅಕ್ಷರ ಹೇಗೆ ಮೂಡಿಸಬೇಕು, ಒತ್ತಕ್ಷರ ಹೇಗೆ ಕೂಡಿಸಬೇಕು, ಇಷ್ಟನ್ನು ಹೇಳಿಕೊಡುವಷ್ಟರಲ್ಲಿ ನಾಲ್ಕರ ಬಸ್ಸು ಹಾರ್ನ್ ಹೊಡೆಯಿತು. ಉಳಿದದ್ದೆಲ್ಲ ಕನ್ನಡದಲ್ಲೇ ಬರೆದಿದೆಯಲ್ಲ ಎಂದು ಅಣ್ಣಾರಾಯ ಚೀಲ ಹೆಗಲಿಗೇರಿಸಿ ಓಡಿದ.

ಆಮೇಲಿನ ದಿನಗಳಲ್ಲಿ ಅವನು ಅಫಜಲಪುರದ ಹಳ್ಳಿಗಳಲ್ಲಿದ್ದ. ಸೊನ್ನದ ಬ್ಯಾರೇಜಿನ ಹತ್ತಿರ ಚಹಾ ಕುಡಿಯುತ್ತ ಒಂದು ಮಧ್ಯಾಹ್ನ ಭಾಗಮ್ಮನಿಗೆ ಫೋನ್ ಹಚ್ಚಿದ. ಕೆಲಸ ಹೇಗೆ ನಡೆದಿದೆ ಎಂದ.

"ಒಂದು ಬೆರಳಲೇ ಹೊಡಿಯಾಕತ್ತೇನ್ರಿ ಸರ. ದಿನಕ್ಕ ಹದಿನೈದು ಹದಿನಾರು ಹೆರಿಗಿ ಆಗ್ತಾವ. ದಿನಾ ಹೊಸಾ ಹಾಳಿ ತಗದು ಬರಿತೇನಿ. ಒಂದೂ ಉಳಿಸಿಲ್ರಿ, ನೋಡ್ರಿ ಮತ್ತ!"

"ಭೇಷ್ ಮಾಡೀರಿ ಅಕ್ಕಾರ, ಹಂಗೇ ನಡೀಲಿ," ಎಂದ ಅಣ್ಣಾರಾಯ. ಮುದುಕಿ ಒಂದನ್ನೂ ಬಿಡದೆ ಹೇಳುತ್ತಿದ್ದಾಳೆ, ಈಕೆ ಒಂದನ್ನೂ ಬಿಡದೆ ಬರೆಯುತ್ತಿದ್ದಾಳೆ ಎಂದು ತಿಳಿದ. ಅವನೂ ಅದೇ ಸೀಮೆಯವನು, ಅವನ ಕಿವಿಗೂ ಆ ಮಾತು ಹಾಗೇ ಕೇಳಿತು.

"ನಮ್ಮವ್ವಂದು ಬಂತೇನ್ರಿ?"

"ನಿನ್ನೇನೇ ಬಂತ್ರಿ. ಹೇಳಲೇನ್ರಿ?"

ಅಣ್ಣಾರಾಯ ಗ್ಲಾಸು ಕೆಳಗಿಟ್ಟ. ಭೀಮೆಯ ನೀರು ಗೇಟುಗಳ ಕೆಳಗೆ ಗದ್ದಲ ಮಾಡುತ್ತಿತ್ತು. ಈ ಗದ್ದಲದಲ್ಲಿ, ಫೋನಿನಲ್ಲಿ, ಚಹಾದಂಗಡಿಯ ಮುಂದೆ ನಿಂತು ಕೇಳುವ ಮಾತೇ ಅದು? ಒಬ್ಬನೇ ಕೂತು, ಒಂದೊಂದೇ ಅಕ್ಷರ ತನ್ನ ಕಣ್ಣಿನಿಂದ ಓದಬೇಕು.

"ಬ್ಯಾಡ್ರಿ," ಎಂದ. "ನಾ ಬಂದು ಓದಕೋತೇನಿ."

ಆ ಒಂದು "ಬ್ಯಾಡ್ರಿ"ಗೆ ಅವನು ತನ್ನನ್ನು ಇವತ್ತಿಗೂ ಬೈದುಕೊಳ್ಳುತ್ತಾನೆ.

ಆಪರೇಷನ್ ಆಗಿ, ಪ್ಯಾರಿಬಿ ಮನೆಗೆ ಬಂದ ಸುದ್ದಿ ತಿಳಿದ ಮೇಲೆ ಅಣ್ಣಾರಾಯ ಇಜೇರಿಗೆ ಹೋದ. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಜೇವರ್ಗಿಯಲ್ಲಿ ಪ್ರಿಂಟ್ ತೆಗೆಸಿ, ಪುಸ್ತಕದಂತೆ ಹೊಲಿಸಿ ಮುದುಕಿಯ ಕೈಗೆ ಕೊಡಬೇಕೆಂದಿತ್ತು. ಮೊದಲ ಪ್ರತಿ ಆಕೆಗೆ, ಎರಡನೆಯದು ತನಗೆ.

ಕಂಪ್ಯೂಟರ್ ತೆರೆದ. ಕಡತಗಳ ಜಾಗ ಖಾಲಿ ಇತ್ತು. ಬೇರೆಲ್ಲೋ ಇಟ್ಟಿರಬೇಕೆಂದು ಹುಡುಕಿದ. ಯಂತ್ರವನ್ನೆಲ್ಲ ಜಾಲಾಡಿದ. ಭಾಗಮ್ಮ ಹಿಂದೆ ನಿಂತು ಉಮೇದಿನಿಂದ ನೋಡುತ್ತಿದ್ದಳು.

"ಅಕ್ಕಾರ, ದಿನಾ ಮುಚ್ಚುಮುಂದ ಇದು ಏನರ ಕೇಳ್ತದೇನ್ರಿ?"

"ಕೇಳ್ತದ್ರಿ."

"ಏನ್ ಒತ್ತೀರಿ? ಒತ್ತಿ ತೋರಸ್ರಿ."

ಭಾಗಮ್ಮ ಕೂತಳು. ಹೊಸ ಹಾಳೆಯಲ್ಲಿ "ಅ" ಎಂದು ಬರೆದು ಮುಚ್ಚಲು ಹೋದಳು. ಬದಲಾವಣೆಗಳನ್ನು ಉಳಿಸಬೇಕೆ ಎಂಬ ಪ್ರಶ್ನೆ ಬಂತು. ಕೆಳಗೆ ಮೂರು ಗುಂಡಿ: ಉಳಿಸಬೇಡ, ರದ್ದುಮಾಡು, ಉಳಿಸು. ಆಕೆ ಒಂದು ಗಳಿಗೆಯೂ ತಡೆಯದೆ ಮೊದಲನೆಯದನ್ನು ಒತ್ತಿದಳು.

"ಇದೇರಿ. ಉಳಿಸಬೇಡ. ಅಮ್ಮ ಹೇಳಿದ್ದು ಒಂದಕ್ಷರಾನೂ ಉಳಿಸಬಾರದು, ಪೂರ್ತಿ ತಗೋಬೇಕು ಅಂತ ಒತ್ತತೇನಿ. ಉಳಿಸು ಅಂದ್ರ ಅರ್ಧಾ ಬಿಟ್ಟಬಿಡ್ತದಲ್ರಿ?"

ಯಂತ್ರಕ್ಕೆ ಅದು ಬರೆದದ್ದನ್ನು ಎಸೆದುಬಿಡು ಎಂಬ ಅಪ್ಪಣೆ. ತಾಟಿನ ಮುಂದೆ ಕೂತ ಕೂಸಿಗೆ "ಉಳಸಬ್ಯಾಡ" ಎಂದರೆ ಪೂರ್ತಿ ಉಣ್ಣು ಎಂದೇ ಅರ್ಥ. ಅತ್ತೆಯರು ಅವನಿಗೆ ದಿನಕ್ಕೆರಡು ಸಲ ಆ ಮಾತು ಹೇಳಿಯೇ ಬೆಳೆಸಿದ್ದರು. ಇಂಗ್ಲಿಷೇ ಇದ್ದಿದ್ದರೆ ಭಾಗಮ್ಮ ಹೆದರಿ ಯಾರನ್ನಾದರೂ ಕೇಳುತ್ತಿದ್ದಳು. ಕನ್ನಡ ಇದ್ದುದರಿಂದ ಓದಿದಳು, ಓದಿ ತಿಳಿದುಕೊಂಡು ಒತ್ತಿದಳು. ಯಾರನ್ನು ಬೈಯಬೇಕು? ಅನುವಾದ ಮಾಡಿದ ಪುಣ್ಯಾತ್ಮ ಬರೆದದ್ದೂ ಸರಿಯಾದ ಕನ್ನಡವೇ. ಸಿಟ್ಟು ಮಾಡಲು ಒಬ್ಬನೇ ಒಬ್ಬ ತಪ್ಪಿತಸ್ಥ ಸಿಗಲಿಲ್ಲ, ತನ್ನನ್ನು ಬಿಟ್ಟು.

ಮೆಲ್ಲಗೆ ವಿಷಯ ಹೇಳಿದ. ಭಾಗಮ್ಮ ನಂಬಲಿಲ್ಲ, ಆಮೇಲೆ ನಂಬಿದಳು. ಕುರ್ಚಿಯಿಂದ ಇಳಿದು ಪ್ಯಾರಿಬಿ ಕೂಡುತ್ತಿದ್ದ ಚಾಪೆಯ ಮೇಲೆ ಕೂತು ಸೆರಗು ಬಾಯಿಗಿಟ್ಟು ಅತ್ತಳು. ಅಣ್ಣಾರಾಯ ತನಗೆ ಬಂದ ವಿದ್ಯೆಯನ್ನೆಲ್ಲ ಮಾಡಿ ನೋಡಿದ. ಅಳಿಸಿದ್ದನ್ನು ಎತ್ತಿ ತರುವ ತಂತ್ರಾಂಶ ಹಾಕಿದ. ಪಂಚಾಯಿತಿಯ ಹಳೆಯ ಸುತ್ತೋಲೆಗಳು, ಯಾರದೋ ಮದುವೆಯ ಫೋಟೋಗಳು ಎದ್ದು ಬಂದವು. ಬೇಕಾದದ್ದು ಬರಲಿಲ್ಲ. ಬರೆದಿಡದೇ ಇದ್ದುದನ್ನು ಎಲ್ಲಿಂದ ತರುವುದು? ಯಂತ್ರ ಹೇಳಿದ ಮಾತು ಕೇಳಿತ್ತು.

"ನಮ್ಮವ್ವಂದು ಏನರ ನೆನಪ ಅದ ಏನ್ರಿ?" ಕೊನೆಗೆ ಕೇಳಿದ.

ಭಾಗಮ್ಮ ಕಣ್ಣು ಮುಚ್ಚಿದಳು. "ಬುಧವಾರ ಅಂದ್ರು. ನಿಮ್ಮನ್ನ ಎದಿ ಮ್ಯಾಲ ಹಾಕಿದ್ರು ಅಂದ್ರು. ಆಕಿ ನಿಮ್ಮ ಕಿವ್ಯಾಗ ಹೆಸರ ಇಟ್ಟು ಕರದ್ಳು ಅಂತ. ಮೂರು ಸಲ."

"ಅಣ್ಣಾರಾಯ ಅಂತ?"

"ಅಲ್ರಿ. ಬ್ಯಾರೆ ಹೆಸರು. ಸಣ್ಣದಿತ್ತು. ಅದರಾಗ ಒಂದು ಒತ್ತಕ್ಷರ ಇತ್ರಿ, ಅದು ಸಿಗವಲ್ದಂತ ಹತ್ತು ನಿಮಿಷ ಹುಡುಕೇನಿ." ಆಕೆಯ ಬೆರಳು ಗಾಳಿಯಲ್ಲಿ ಕೀಲಿ ಹುಡುಕುತ್ತಿತ್ತು. "ಅಕ್ಷರ ಹುಡುಕೋದ್ರಾಗ ಹೆಸರೇ ತಲೀಂದ ಹೋತ್ರಿ ಸರ. ನಂದು ತಪ್ಪಾತ್ರಿ."

"ನಿಮ್ಮ ತಪ್ಪಲ್ರಿ," ಎಂದ ಅಣ್ಣಾರಾಯ. ತನಗೆ ತಾಯಿ ಇಟ್ಟ ಹೆಸರೊಂದು ಇತ್ತೆಂಬುದು ಅವನಿಗೆ ತಿಳಿದದ್ದೇ ಈಗ. ತಿಳಿಯದೇ ಇದ್ದಿದ್ದರೆ ವಾಸಿ ಇತ್ತು.

ಇಬ್ಬರೂ ಪ್ಯಾರಿಬಿಯ ಮನೆಗೆ ಹೋದರು. ಮುದುಕಿ ಅಂಗಳದ ಮಂಚದ ಮೇಲೆ ಬಿಸಿಲಿಗೆ ಕೂತಿದ್ದಳು. ಕೊರಳಲ್ಲಿ ತೂತು, ಅದರ ಮೇಲೆ ಬಿಳಿ ಬಟ್ಟೆ. ಅಣ್ಣಾರಾಯನನ್ನು ಕಂಡು ಮುಖ ಅರಳಿತು. ಬರೆಸಿದ್ದು ಎಲ್ಲಿ, ತಂದೀಯೇನು ಎಂಬಂತೆ ಎರಡೂ ಕೈ ಚಾಚಿದಳು.

ಹೇಳಲು ಭಾಗಮ್ಮನಿಂದ ಆಗಲಿಲ್ಲ, ಅವನೇ ಹೇಳಿದ. ತಾನು ಹಾಕಿದ ತಂತ್ರಾಂಶದಲ್ಲಿ ಎಲ್ಲವೂ ಹೋಯಿತು ಎಂದಷ್ಟೇ ಹೇಳಿದ, ಭಾಗಮ್ಮನ ಹೆಸರು ಎತ್ತಲಿಲ್ಲ. ಚಾಚಿದ ಕೈಗಳು ಬಹಳ ಹೊತ್ತು ಹಾಗೇ ಇದ್ದು ಮಡಿಲಿಗೆ ಇಳಿದವು. ಮುನ್ನೂರು ಕೂಸುಗಳೂ ಇನ್ನೂ ಆ ತಲೆಯೊಳಗೇ ಇದ್ದವು, ಒಂದೂ ಎಲ್ಲಿಗೂ ಹೋಗಿರಲಿಲ್ಲ. ಹೊರಬರುವ ಬಾಗಿಲು ಮಾತ್ರ ಇರಲಿಲ್ಲ.

"ಅಮ್ಮಾ, ಉಳದದ್ದು ಹೋಗ್ಲಿ. ನಮ್ಮವ್ವ ಕರದ ಹೆಸರು..." ಎಂದ ಅಣ್ಣಾರಾಯ.

ಪ್ಯಾರಿಬಿ ಅವನನ್ನು ಹತ್ತಿರ ಕೂಡಿಸಿಕೊಂಡಳು. ಗಂಡಸಿನ ಮುಂದೆ ಆಡಬಾರದೆಂಬ ರಿವಾಜು ಆಗ ಆಕೆಗೆ ನೆನಪಿಗೆ ಬರಲಿಲ್ಲ. ತುಟಿ ಬಿಡಿಸಿ, ನಿಧಾನಕ್ಕೆ, ಹೆಸರು ಹೇಳಿದಳು. ಸದ್ದಿಲ್ಲ.

"ಮಲ್ಲಪ್ಪ?" ಎಂದ. ತಲೆ ಅಲ್ಲಾಡಿಸಿದಳು. ಮತ್ತೆ ಹೇಳಿದಳು. "ಬಸಣ್ಣ? ಚೆನ್ನ? ಪುಟ್ಟ?" ಅಲ್ಲ, ಅಲ್ಲ, ಅಲ್ಲ. ಭಾಗಮ್ಮ ತನಗೆ ಗೊತ್ತಿದ್ದ ಊರಿನವರ ಹೆಸರುಗಳನ್ನೆಲ್ಲ ಒಂದೊಂದಾಗಿ ಕೇಳಿದಳು. ಅದು ಯಾರೂ ಇಟ್ಟುಕೊಳ್ಳದ ಹೆಸರೋ, ತಾಯಿಯೊಬ್ಬಳು ಆ ಗಳಿಗೆಯಲ್ಲಿ ಕಟ್ಟಿದ ಮುದ್ದಿನ ಮಾತೋ ಏನೋ. ಪ್ಯಾರಿಬಿ ಬಾಯಿ ಅಗಲಿಸಿದಳು, ತುಟಿ ಒತ್ತಿದಳು, ಬೆರಳಿನಿಂದ ನಾಲಗೆ ಮುಟ್ಟಿ ತೋರಿಸಿದಳು. ಪ್ರತಿ ಸಲಕ್ಕೂ ಕೊರಳಿನ ತೂತಿನಿಂದ ಗಾಳಿ ಮಾತ್ರ ಬಂತು. ಆಕೆಯ ಹಣೆಯ ಮೇಲೆ ಬೆವರು ಮೂಡಿತು, ಕಣ್ಣಲ್ಲಿ ನೀರು ತುಂಬಿತು, ಆದರೂ ಬಿಡಲೊಲ್ಲಳು.

ಅಣ್ಣಾರಾಯನಿಗೆ ನೋಡಲಾಗಲಿಲ್ಲ. ಆಕೆಯ ಕೈ ಹಿಡಿದುಕೊಂಡ.

"ಸಾಕ್ರಿ ಅಮ್ಮಾ," ಎಂದ. "ತಿಳೀತು."

ಪ್ಯಾರಿಬಿ ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು, ಕಿವಿಗೆ ಹಚ್ಚಿ, ಹಂಗಾದರೆ ಅನ್ನು ನೋಡೋಣ ಎಂಬಂತೆ ಅವನ ಕಡೆ ಬಾಗಿ ಕಾಯುತ್ತ ಕೂತಳು.