ಅಳಿಯ ತೋರಿಸಿದ ಮನೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ದುಗ್ಗಪ್ಪ ಹೇಳಿದ್ದು ಒಂದೇ ಸುಳ್ಳು. ಆದರೆ ಆ ಸುಳ್ಳಿಗೆ ಹೆಂಚು, ಜಗಲಿ, ಹಿತ್ತಿಲಲ್ಲೊಂದು ಬಾವಿ ಎಲ್ಲ ಇದ್ದವು.

ಆಗ ಅವನು ರಿಪ್ಪನ್‌ಪೇಟೆಯಲ್ಲಿ ಗೋಪಾಲಪ್ಪನವರ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ. ಮಲಗುತ್ತಿದ್ದದ್ದು ಗೋಣಿಚೀಲಗಳ ನಡುವೆ. ಹೆಣ್ಣಿನ ತಂದೆ ನಿಂಗಪ್ಪ ತಾಳಗುಪ್ಪದ ಕಡೆಯಿಂದ ಮನೆ ನೋಡಲು ಬರುವುದಾಗಿ ಹೇಳಿ ಕಳಿಸಿದಾಗ ಗೋಪಾಲಪ್ಪನವರು ಸಂಸಾರ ಸಮೇತ ನೆಂಟರೂರಿಗೆ ಹೋಗಿದ್ದರು. ಮನೆಯ ಬೀಗದ ಕೈ ಇವನ ಹತ್ತಿರವಿತ್ತು. ನಿಂಗಪ್ಪ ಅವರ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು, ಬಾವಿಗೆ ಇಣುಕಿ ನೋಡಿ, ಹೆಣ್ಣು ಕೊಡಲು ಒಪ್ಪಿ ಹೋದ.

ಮದುವೆಯಾದ ವಾರಕ್ಕೇ ಹೆಂಡತಿ ಶೇಷಮ್ಮನಿಗೆ ಎಲ್ಲ ತಿಳಿಯಿತು. ಅವಳು ರಂಪ ಮಾಡಲಿಲ್ಲ. ಆ ಮನೆ ಬಾಡಿಗೆಗೆ ಹೋಗಿದೆ ಎಂದು ತವರಿಗೆ ತಾನೇ ಹೇಳಿದಳು. ಗಂಡನ ಸುಳ್ಳನ್ನು ಏಳು ವರ್ಷ ಅವಳೇ ಹೊತ್ತಳು. ಎರಡು ಏಟು ಹೊಡೆದಿದ್ದರೆ ದುಗ್ಗಪ್ಪನಿಗೆ ಹಗುರವಾಗುತ್ತಿತ್ತು.

ಅರವತ್ತನಾಲ್ಕನೇ ಇಸವಿಯಲ್ಲಿ ಅವನು ಆನಂದಪುರದ ಶಾಲೆಯಲ್ಲಿ ಜವಾನ. ಹೊಟ್ಟೆ ಬಟ್ಟೆ ಕಟ್ಟಿ ಒಂದು ತುಂಡು ಜಾಗ ಕೊಂಡಿದ್ದ. ಸಾಹುಕಾರರ ಸಾಲ ತಂದರೆ ಜಾಗವೂ ಅವರ ಪಾಲು. ಸೊಸೈಟಿಯವರು ಗದ್ದೆ ಇದ್ದವರಿಗಷ್ಟೇ ಕೊಡುವವರು. ಕಡಿಮೆ ಸಂಬಳದವರು ಮನೆ ಕಟ್ಟಿಕೊಳ್ಳಲು ಸರ್ಕಾರ ಸಾಲ ಕೊಡುತ್ತದೆಂದು ಹೆಡ್‌ಮಾಸ್ತರರು ಹೇಳಿದಾಗ ಅಮಲ್ದಾರರ ಕಚೇರಿಗೆ ಅರ್ಜಿ ಹಾಕಿದ. ಷರತ್ತು ಎರಡು: ಜಮೀನಿದ್ದವರೊಬ್ಬರು ಜಾಮೀನು ನಿಲ್ಲಬೇಕು; ಅರ್ಜಿದಾರನಿಗೆ ಎಲ್ಲಿಯೂ ಸ್ವಂತ ಮನೆ ಇರಬಾರದು.

ಅವನ ಬಳಗದಲ್ಲಿ ಸ್ವಂತ ಗದ್ದೆ ಇದ್ದವನು ಮಾವನೊಬ್ಬನೇ. ಹೆಬ್ಬೆಟ್ಟು ಒತ್ತುವವನಿಗೆ ಕಾಗದದಲ್ಲಿ ಏನಿದೆಯೆಂದು ಹೇಗೆ ತಿಳಿಯಬೇಕು ಎಂದು ಧೈರ್ಯ ಮಾಡಿ ಕರೆಸಿದ. ಹೆಬ್ಬೆಟ್ಟಿನವರಿಗೆ ಮಹಜರನ್ನು ಮೊದಲು ಓದಿ ಹೇಳುತ್ತಾರೆ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ.

ನಿಂಗಪ್ಪ ಬಿಳಿ ಪಂಚೆ ಉಟ್ಟು ರೈಲಿನಲ್ಲಿ ಬಂದ. ಅಳಿಯ ಎರಡನೇ ಮನೆ ಕಟ್ಟಿಸುತ್ತಾನೆಂದು ರೈಲಿನಲ್ಲಿದ್ದವರಿಗೆಲ್ಲ ಹೇಳಿಕೊಂಡು ಬಂದಿದ್ದನಂತೆ. ಜಾಗದಲ್ಲಿ ನಾಲ್ಕು ಜನರ ಎದುರು, ಅಮಲ್ದಾರರ ಕಚೇರಿಯಿಂದ ಬಂದ ಶೇಕದಾರರು ಮಹಜರು ಓದಿದರು. ‘ಸ್ವಂತ ಮನೆ ಇಲ್ಲ’ ಎಂಬಲ್ಲಿಗೆ ಬಂದಾಗ ನಿಂಗಪ್ಪ ಕೈಯೆತ್ತಿ ತಡೆದ.

“ತಪ್ಪು ಬರ್ದೀರಿ ಸ್ವಾಮಿ. ರಿಪ್ಪನ್‌ಪೇಟೇಲಿ ನಮ್ಮಳಿಯಂದು ಹೆಂಚಿನ ಮನೆ ಐತೆ. ನಾನೇ ನೋಡ್ಕೊಂಡ್ ಬಂದೀನಿ.”

ಶೇಕದಾರರು ಪೆನ್ನಿಗೆ ಮುಚ್ಚಳ ಹಾಕಿದರು. ಸುಳ್ಳು ಅರ್ಜಿಯಾದರೆ ಸಾಲವೂ ಇಲ್ಲ, ಇದ್ದ ಕೆಲಸಕ್ಕೂ ಸಂಚಕಾರ ಎಂದರು. ದುಗ್ಗಪ್ಪ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಈಗಲೂ ಅವಳೇ ಏನಾದರೂ ಹೇಳಿ ತನ್ನನ್ನು ಉಳಿಸಲಿ ಎಂದು ಕಾದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಅದು ನನ್ ಮನೆ ಅಲ್ಲ ಮಾವ. ಧಣಿಗಳದು. ಅವತ್ತು ಬೀಗ ತೆಗ್ದು ತೋರ್ಸಿದ್ದೆ.”

ನಿಂಗಪ್ಪ ಬೈಯಲಿಲ್ಲ. ಮಗಳ ಕಡೆ ತಿರುಗಿ, ನಿನಗೂ ಗೊತ್ತಿತ್ತಾ ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಮುದುಕ ಮತ್ತೆ ಶೇಕದಾರರ ಕಡೆ ತಿರುಗಿದ.

“ಅವತ್ತೇ ಪಕ್ಕದ್ ಮನೇಲಿ ಒಂದ್ ಮಾತು ಕೇಳ್ಬೋದಿತ್ತು. ಮರ್ಯಾದಸ್ಥರ್ ವಿಷ್ಯ ಹಂಗೆಲ್ಲ ಕೇಳ್ಬಾರ್ದು ಅಂತ ಬಿಟ್ಟೆ,” ಎಂದು ಹೇಳಿ, ತಾನಾಗಿಯೇ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡ. ಮಧ್ಯಾಹ್ನ ಊಟಕ್ಕೆ ನಿಲ್ಲದೆ ರೈಲು ಹತ್ತಿದ.

ಸಾಲ ಬಂತು. ಮರುವರ್ಷ ಬೇಸಿಗೆಗೆ ಎರಡು ಕೋಣೆಯ ಮನೆ ಎದ್ದಿತು. ಮನೆಯೊಕ್ಕಲಿನ ದಿನ ಮಾವ ಬರುತ್ತಾನೋ ಇಲ್ಲವೋ ಎಂದು ದುಗ್ಗಪ್ಪ ಬೆಳಗಿನಿಂದ ಬಾಗಿಲು ಬಿಟ್ಟು ಕದಲಲಿಲ್ಲ. ಬಿಸಿಲೇರುವ ಹೊತ್ತಿಗೆ ನಿಂಗಪ್ಪ ಬಂದ. ಕೈಯಲ್ಲಿ ಬಾಳೆಗೊನೆ ಇತ್ತು. ಬಂದವನು ಅಂಗಳಕ್ಕೆ ಕಾಲಿಡದೆ ಪಕ್ಕದ ಮನೆಯ ಬೇಲಿಯ ಹತ್ತಿರ ಹೋಗಿ ನಿಂತ.

“ಅಮ್ಮಾ, ಆ ಮನೆ ಯಾರ್ದು?”

ಸೊಪ್ಪು ಸೋಸುತ್ತಿದ್ದ ನೆರೆಮನೆಯ ಕೆರಿಯಮ್ಮ, ಅದು ಶಾಲೆಯ ದುಗ್ಗಪ್ಪನ ಮನೆ, ಇವತ್ತೇ ಒಕ್ಕಲು ಎಂದಳು.

“ಅವಂದೇನಾ? ನಿಂಗೆ ಸರಿಯಾಗಿ ಗೊತ್ತಾ?”

ಗೊತ್ತಿಲ್ಲದೆ ಏನು ಎಂದು ಅವಳು ನಕ್ಕಳು. ಆಮೇಲೆ ನಿಂಗಪ್ಪ ಈ ಅಂಗಳಕ್ಕೆ ಬಂದು, ಚೊಂಬಿನ ನೀರಿನಲ್ಲಿ ಕಾಲು ತೊಳೆದುಕೊಂಡು ಮೆಟ್ಟಿಲು ಹತ್ತಿದ. ಹೊಸ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ ದುಗ್ಗಪ್ಪನಿಗೆ ಅಷ್ಟೂ ಮಾತು ಕೇಳಿಸಿತ್ತು. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ.